ದಿನದ ಧಮ್ಮ ಚಿಂತನೆ: ಕೈಗೆ ಕಟ್ಟಿದ ಎಣಿಕೆ

ಕೋಸಲದ ರಾಜ ಪಸೇನದಿಯ ಊಟದ ಪ್ರಸಂಗ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಸಂಯುತ್ತ ನಿಕಾಯದಲ್ಲಿ ಬರುತ್ತದೆ. ದೋಣ ಎಂಬುದು ಆ ಕಾಲದ ಒಂದು ದೊಡ್ಡ ಅಳತೆ. ರಾಜನ ಊಟಕ್ಕೆ ಒಂದು ದೋಣದಷ್ಟು ಅನ್ನ ಬೇಕಾಗುತ್ತಿತ್ತು. ಒಂದು ದಿನ ಹಾಗೆ ಉಂಡು, ಏದುಸಿರು ಬಿಡುತ್ತ ಭಗವಾನ್ ಬುದ್ಧರ ಬಳಿ ಬಂದು ಕುಳಿತ. ಬುದ್ಧರು ಗದರಲಿಲ್ಲ, ಉಪವಾಸ ಮಾಡು ಎಂದೂ ಹೇಳಲಿಲ್ಲ. ಎಚ್ಚರದಿಂದ, ತನ್ನ ಮಿತಿ ತಿಳಿದು ಉಣ್ಣುವವನಿಗೆ ಬಾಧೆ ಕಡಿಮೆ, ಮುಪ್ಪೂ ನಿಧಾನ ಎಂಬ ಅರ್ಥದ ಒಂದು ಗಾಥೆಯನ್ನಷ್ಟೇ ಹೇಳಿದರು. ರಾಜ ತನ್ನ ಹಿಂದೆ ನಿಂತಿದ್ದ ಸುದಸ್ಸನ ಎಂಬ ತರುಣನ ಕಡೆ ತಿರುಗಿ, ಇದನ್ನು ಬಾಯಿಪಾಠ ಮಾಡಿಕೊಂಡು ನಾನು ಊಟಕ್ಕೆ ಕುಳಿತಾಗ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ. ಸುದಸ್ಸನ ದಿನವೂ ಹೇಳಿದ. ರಾಜನ ಊಟ ಸ್ವಲ್ಪ ಸ್ವಲ್ಪವೇ ಇಳಿದು ಒಂದು ನಾಳಿಯ ಅನ್ನಕ್ಕೆ ಬಂದು ನಿಂತಿತು. ಮೈ ಹಗುರವಾಯಿತು. ಆಗ ಪಸೇನದಿ ತನ್ನ ಕೈಯಿಂದಲೇ ಮೈ ಸವರಿಕೊಂಡು, ಬುದ್ಧರ ಕರುಣೆಯನ್ನು ನೆನೆದನಂತೆ.

ಈ ಕಥೆ ಇವತ್ತು ನೆನಪಾಗಲು ಕಾರಣ ನಮ್ಮ ಓದು ಕೂಟದ ಅಕ್ಕ ಒಬ್ಬರು ಕೇಳಿದ ಪ್ರಶ್ನೆ. ಅವರಿಗೆ ಶುಗರ್ ಇದೆ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಮಗ ಒಂದು ಸ್ಮಾರ್ಟ್ ವಾಚ್ ತಂದು ಕೈಗೆ ಕಟ್ಟಿದ. ಮೊದಲ ಎರಡು ತಿಂಗಳು ಖುಷಿಯಿಂದ ನಡೆದರು. ಈಗ ರಾತ್ರಿ ಹತ್ತು ಗಂಟೆಗೆ ಹೆಜ್ಜೆ ಕಡಿಮೆ ಬಿದ್ದಿದ್ದರೆ ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಾರೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನಿದ್ದೆಗೆ ಎಷ್ಟು ಅಂಕ ಬಂದಿದೆ ಎಂದು ನೋಡುತ್ತಾರೆ. "ಎದ್ದಾಗ ಚೆನ್ನಾಗೇ ಇರ್ತೀನಿ ಮೇಷ್ಟ್ರೇ. ಅರವತ್ತೊಂದು ಅಂತ ನೋಡಿದ ಮೇಲೆ ಸುಸ್ತು ಶುರುವಾಗುತ್ತೆ. ಇದನ್ನ ಬಿಚ್ಚಿಟ್ಟುಬಿಡ್ಲಾ?" ಎಂದು ಕೇಳಿದರು.

ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನಮ್ಮ ಮೈಯ ಸಮಾಚಾರವನ್ನು ನಮಗೆ ಹೇಳಬೇಕಾದವರು ಯಾರು ಎಂಬ ದೊಡ್ಡ ಪ್ರಶ್ನೆ ಅದರೊಳಗಿದೆ. ಗುಂಪಿನಲ್ಲಿ ಈಗ ಹಲವರ ಮಣಿಕಟ್ಟಿನಲ್ಲಿ ಈ ವಾಚು ಇರುವುದರಿಂದ ಇಂದು ಎಲ್ಲರೂ ಸೇರಿ ಯೋಚಿಸೋಣ.

ಮೊದಲು ವಾಚಿನ ಪರವಾಗಿ ಒಂದು ಮಾತು. ಮರೆತು ಹೋಗುವ ಮನಸ್ಸಿಗೆ ನೆನಪು ಮಾಡುವವರೊಬ್ಬರು ಬೇಕು. ರಾಜನಿಗೆ ಸುದಸ್ಸನ ಇದ್ದ, ನಮಗೆ ಈ ವಾಚು ಇದೆ. ಬಹಳ ಹೊತ್ತು ಕುಳಿತರೆ ಮಣಿಕಟ್ಟಿನಲ್ಲಿ ಗುಂಯ್ ಎಂದು ಏಳಿಸುತ್ತದೆ. ಇದರಿಂದ ಪ್ರಯೋಜನ ಇಲ್ಲದಿಲ್ಲ. ಇಂಥ ಸಾಧನಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಒಂದು ಸಮೀಕ್ಷೆ 2022ರಲ್ಲಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಕಟ್ಟಿಕೊಂಡವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆದರು ಎಂದು ಅದು ಹೇಳುತ್ತದೆ. ಶುಗರ್, ಬಿಪಿ ಇರುವವರಿಗೆ ಇದು ದೊಡ್ಡ ಲಾಭವೇ. ನಡಿಗೆಯ ಗುಣವನ್ನು ಬುದ್ಧರೂ ಹೇಳಿದ್ದಾರೆ. ಅಂಗುತ್ತರ ನಿಕಾಯದಲ್ಲಿ ಚಂಕಮದ, ಎಂದರೆ ಹಿಂದಕ್ಕೂ ಮುಂದಕ್ಕೂ ನಡೆಯುವ ಅಭ್ಯಾಸದ, ಐದು ಫಲಗಳು ಬರುತ್ತವೆ. ದೂರ ನಡೆಯುವ ಶಕ್ತಿ ಬರುತ್ತದೆ, ಸಾಧನೆಗೆ ಮೈ ಒಗ್ಗುತ್ತದೆ, ಕಾಯಿಲೆ ಕಡಿಮೆಯಾಗುತ್ತದೆ, ಉಂಡದ್ದು ಚೆನ್ನಾಗಿ ಜೀರ್ಣವಾಗುತ್ತದೆ, ಆಗ ಬಂದ ಸಮಾಧಿ ಬಹಳ ಕಾಲ ನಿಲ್ಲುತ್ತದೆ. ಐದರಲ್ಲಿ ನಾಲ್ಕು ನೇರವಾಗಿ ಮೈಗೆ ಸಂಬಂಧಿಸಿದವು. ಧಮ್ಮ ಎಂದೂ ಮೈಯನ್ನು ಕಡೆಗಣಿಸಿಲ್ಲ.

ಹಾಗಾದರೆ ಕಷ್ಟ ಎಲ್ಲಿ ಶುರುವಾಗುತ್ತದೆ? ನೆನಪು ಮಾಡುವವನೇ ಯಜಮಾನನಾದಾಗ.

ಅಕ್ಕನನ್ನು ರಾತ್ರಿ ಹತ್ತಕ್ಕೆ ಓಡಾಡಿಸುವ ಆ 10,000 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ನೋಡಿ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರು ವರ್ಷ, 1965ರಲ್ಲಿ, ಜಪಾನಿನ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಮಾಪಕವೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್ಪೋ-ಕೆ. ಜಪಾನಿ ಭಾಷೆಯಲ್ಲಿ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅರ್ಥ. ಸುತ್ತು ಸಂಖ್ಯೆ, ಕೇಳಲು ಚೆಂದ, ನೆನಪಿಡಲು ಸುಲಭ. ಮಾರಾಟಕ್ಕೆ ಇಟ್ಟ ಆ ಹೆಸರೇ ಕ್ರಮೇಣ ಜಗತ್ತಿಗೆಲ್ಲ ನಿಯಮದಂತಾಯಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷದ ಸುಮಾರು 16,700 ಮಹಿಳೆಯರ ಹೆಜ್ಜೆಗಳನ್ನು ಅಳೆದು ನೋಡಿದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500ರ ನಂತರ ಲಾಭ ಹೆಚ್ಚುತ್ತ ಹೋಗಲಿಲ್ಲ. ಅಂದರೆ 6,000 ಹೆಜ್ಜೆ ನಡೆದ ಹಿರಿಯರು ಆ ದಿನ ಸೋತವರಲ್ಲ. ಅವರು ತಮ್ಮ ಮೈಗೆ ಬಹಳ ಒಳ್ಳೆಯದನ್ನೇ ಮಾಡಿಕೊಂಡಿದ್ದಾರೆ. ಸೋತೆ ಎಂಬ ಭಾವ ಬರುವುದು ಪರದೆಯ ಮೇಲಿನ ಬಳೆ ಪೂರ್ತಿ ಮುಚ್ಚಿಕೊಳ್ಳಲಿಲ್ಲವಲ್ಲ ಎಂಬುದರಿಂದ.

ನಡೆದು ನಡೆದು ಸೋತವನೊಬ್ಬನ ಕಥೆಯೂ ನಮ್ಮಲ್ಲಿದೆ. ಸೋಣ ಕೋಳಿವಿಸ ಚಂಪಾ ನಗರದ ಸಿರಿವಂತರ ಮಗ. ಅಂಗಾಲಿನಲ್ಲಿ ಕೂದಲು ಬೆಳೆದಿತ್ತು ಎನ್ನುವಷ್ಟು ಸುಕುಮಾರ. ಭಿಕ್ಖುವಾದ ಮೇಲೆ ರಾಜಗೃಹದ ಬಳಿ ಸೀತವನದಲ್ಲಿ ಚಂಕಮಕ್ಕೆ ತೊಡಗಿದ. ಕಾಲು ಒಡೆದು, ನಡೆದ ಜಾಗವೆಲ್ಲ ರಕ್ತವಾಯಿತು. ಇಷ್ಟು ಮಾಡಿದರೂ ಮನಸ್ಸು ಬಿಡುಗಡೆಯಾಗಲಿಲ್ಲ, ಮನೆಗೆ ಹೋಗಿ ಸಂಪತ್ತನ್ನು ಅನುಭವಿಸುತ್ತ ದಾನ ಮಾಡಿಕೊಂಡಿರುವುದೇ ಲೇಸೇನೋ ಎಂದು ಅವನಿಗೆ ಅನ್ನಿಸಿತು. ಬುದ್ಧರು ಬಂದು, ನೀನು ಮೊದಲು ವೀಣೆ ನುಡಿಸುತ್ತಿದ್ದೆಯಲ್ಲವೇ ಎಂದು ಕೇಳಿದರು. ತಂತಿ ಅತಿ ಬಿಗಿಯಾದರೂ ನಾದವಿಲ್ಲ, ಸಡಿಲವಾದರೂ ನಾದವಿಲ್ಲ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿದರು.

ಈ ಕಥೆಯನ್ನು ನಾವು ವೀಣೆಗೇ ನಿಲ್ಲಿಸಿಬಿಡುತ್ತೇವೆ. ವಿನಯ ಪಿಟಕದಲ್ಲಿ ಇನ್ನೂ ಒಂದು ಮಾತಿದೆ. ನಿನ್ನ ಕಾಲು ಮೃದು, ನೀನು ಒಂದು ಪದರದ ಪಾದರಕ್ಷೆ ಹಾಕಿಕೊಳ್ಳಬಹುದು ಎಂದರು ಬುದ್ಧರು. ನನಗೊಬ್ಬನಿಗೇ ಬೇಡ, ಸಂಘಕ್ಕೆಲ್ಲ ಅನುಮತಿ ಸಿಕ್ಕರೆ ನಾನೂ ಹಾಕುತ್ತೇನೆ ಎಂದ ಸೋಣ. ಬುದ್ಧರು ಎಲ್ಲರಿಗೂ ಅನುಮತಿ ಕೊಟ್ಟರು. ನಡಿಗೆ ನಿಲ್ಲಲಿಲ್ಲ, ಆದರೆ ಕಾಲಿನ ನೋವನ್ನು ಯಾರೋ ಒಬ್ಬರು ಕೇಳಿಸಿಕೊಂಡರು. ನಮ್ಮ ವಾಚು ಸಾವಿರ ಹೆಜ್ಜೆ ಬಾಕಿ ಇದೆ ಎಂದಷ್ಟೇ ಹೇಳಬಲ್ಲದು. ಮಂಡಿ ನೋಯುತ್ತಿದೆಯೇ ಎಂದು ಕೇಳುವ ಕೆಲಸ ನಮ್ಮದೇ.

ಇನ್ನು ನಿದ್ದೆಯ ಮಾತು. ವಾಚಿನ ತಳದಲ್ಲಿ ಮಿನುಗುವ ಹಸಿರು ಬೆಳಕನ್ನು ನೀವು ನೋಡಿದ್ದೀರಿ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ನಾಡಿ ಮಿಡಿದಾಗಲೆಲ್ಲ ಹೀರುವ ಬೆಳಕು ಸ್ವಲ್ಪ ಹೆಚ್ಚುತ್ತದೆ. ಈ ಏರಿಳಿತದಿಂದ ವಾಚು ನಾಡಿ ಲೆಕ್ಕ ಹಾಕುತ್ತದೆ, ಕೈಯ ಅಲುಗಾಟವನ್ನು ಇನ್ನೊಂದು ಸಣ್ಣ ಸಾಧನ ಗುರುತಿಸುತ್ತದೆ. ಇವೆರಡನ್ನೂ ಮುಖ್ಯವಾಗಿ ಕೂಡಿಸಿ, ಇದು ಗಾಢ ನಿದ್ದೆ, ಇದು ಕನಸಿನ ನಿದ್ದೆ ಎಂದು ಅಂದಾಜು ಮಾಡುತ್ತದೆ. ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆ ಮಾಡುವಾಗ ತಲೆಗೆ ತಂತಿಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನೇ ದಾಖಲಿಸುತ್ತಾರೆ. ಮಣಿಕಟ್ಟಿನ ವಾಚಿಗೆ ಮಿದುಳು ಕಾಣುವುದಿಲ್ಲ. ಹಾಗಾಗಿ ಬೆಳಗಿನ ಆ ಅಂಕ ಒಂದು ಊಹೆ. ಊಹೆಯನ್ನು ತೀರ್ಪು ಎಂದುಕೊಂಡು ನಿದ್ದೆ ಕೆಡಿಸಿಕೊಳ್ಳುವವರು ಎಷ್ಟಾಗಿದ್ದಾರೆಂದರೆ, 2017ರಲ್ಲಿ ಅಮೆರಿಕದ ನಿದ್ರಾ ತಜ್ಞರು ಇದಕ್ಕೆ ಆರ್ಥೋಸೋಮ್ನಿಯಾ ಎಂಬ ಹೊಸ ಹೆಸರನ್ನೇ ಕೊಟ್ಟರು. ಅಂಕಕ್ಕೆ ತಕ್ಕ ನಿದ್ದೆ ಬರಲೇಬೇಕೆಂಬ ಚಡಪಡಿಕೆಯೇ ನಿದ್ದೆಯ ಶತ್ರುವಾಗುವ ಸ್ಥಿತಿ ಅದು.

ಬುದ್ಧರನ್ನೂ ಒಬ್ಬರು ಈ ಪ್ರಶ್ನೆ ಕೇಳಿದ್ದರು. ಆಳವಿಯ ಹತ್ಥಕ ಎಂಬಾತ ಕಾಲಾಡಿಸುತ್ತ ಹೊರಟಾಗ, ಸಿಂಸಪಾ ಮರಗಳ ಕಾಡಿನಲ್ಲಿ ದನಗಳು ಓಡಾಡುವ ದಾರಿಯ ಬದಿ, ಎಲೆಯ ಹಾಸಿನ ಮೇಲೆ ಬುದ್ಧರು ಕುಳಿತಿದ್ದರು. ಕೊರೆಯುವ ಚಳಿಗಾಲ. ಗೊರಸು ತುಳಿದು ಗಟ್ಟಿಯಾದ ನೆಲ, ತೆಳ್ಳನೆಯ ಹಾಸು, ತಣ್ಣನೆಯ ಗಾಳಿ. ರಾತ್ರಿ ಸುಖವಾಗಿ ಮಲಗಿದಿರಾ ಎಂದು ಹತ್ಥಕ ಕೇಳಿದ. ಹೌದು, ಸುಖವಾಗಿ ಮಲಗುವವರಲ್ಲಿ ನಾನೂ ಒಬ್ಬ ಎಂದರು ಬುದ್ಧರು. ಗಾಳಿ ಬಾರದ ಮನೆ, ಮೆತ್ತನೆಯ ಹಾಸಿಗೆ, ದೀಪ, ಸೇವೆ ಮಾಡುವವರು, ಎಲ್ಲ ಇದ್ದರೂ ರಾಗ, ದ್ವೇಷ, ಮೋಹಗಳ ಬೇಗೆ ಒಳಗಿದ್ದರೆ ಆ ಮನುಷ್ಯನಿಗೆ ನಿದ್ದೆ ಬರುತ್ತದೆಯೇ ಎಂದು ತಿರುಗಿ ಕೇಳಿದರು. ಇದರಿಂದ, ನಿದ್ದೆ ಬಾರದವರೆಲ್ಲ ದುರಾಸೆಯವರು ಎಂದು ಯಾರೂ ತಿಳಿಯಬಾರದು. ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವವರು, ವಾರಗಟ್ಟಲೆ ನಿದ್ದೆ ಬಾರದವರು ಡಾಕ್ಟರನ್ನು ನೋಡಲೇಬೇಕು. ಆದರೆ ನಮ್ಮ ಹಾಸಿಗೆಗೆ ನಾವೇ ಒಂದು ಹೊಸ ಬೇಗೆಯನ್ನು, ಎಂಬತ್ತೈದು ಅಂಕದ ಆಸೆಯನ್ನು, ಕರೆದುಕೊಂಡು ಹೋಗುವುದು ಬೇಕೇ?

ಇನ್ನೊಂದು ಬೇಗೆ ನಮ್ಮ ಗುಂಪುಗಳಲ್ಲೇ ಹುಟ್ಟುತ್ತಿದೆ. ಸಂಜೆಯಾದರೆ ಒಬ್ಬರು 12,400 ಎಂದು ಹಾಕುತ್ತಾರೆ, ಇನ್ನೊಬ್ಬರು 15,000. ಇದರಿಂದ ಕೆಲವರಿಗೆ ಹುರುಪು ಬರುವುದು ನಿಜ. ಆದರೆ ಮನಸ್ಸನ್ನು ಸ್ವಲ್ಪ ಗಮನಿಸಿ. ಧಮ್ಮದಲ್ಲಿ ಮಾನ ಎಂಬ ಒಂದು ಕಟ್ಟನ್ನು ಹೇಳುತ್ತಾರೆ. ನಾನು ಮೇಲು ಎನ್ನುವುದು ಮಾನ. ನಾನು ಕೀಳು ಎನ್ನುವುದೂ ಮಾನವೇ. ನಾನೂ ಅವನಷ್ಟೇ ಎನ್ನುವುದೂ ಮಾನವೇ. ನಮ್ಮ ಕನ್ನಡದಲ್ಲಿ ಮಾನ ಎಂದರೆ ಅಳತೆಯೂ ಹೌದು, ಮರ್ಯಾದೆಯೂ ಹೌದು. ಅಳತೆಯೇ ಮರ್ಯಾದೆಯಾಗಿಬಿಟ್ಟರೆ, ಮಂಡಿ ಸವೆದ ಹಿರಿಯರು ಗುಂಪಿನಲ್ಲಿ ಸುಮ್ಮನಾಗುತ್ತಾರೆ. ನಡೆಯಬೇಕಾದವರೇ ನಾಚಿಕೊಂಡು ನಡಿಗೆ ಬಿಡುತ್ತಾರೆ.

ಹೆಜ್ಜೆಯ ಅಳತೆಯ ಮಾತು ಬಂದಾಗ, ಅಳತೆಗೆ ಬಾರದ ಹೆಜ್ಜೆಗಳೂ ನೆನಪಾಗಬೇಕು. ನಾವು ವಾಕಿಂಗ್‌ಗೆ ಹೊರಡುವ ಹೊತ್ತಿಗೆ ಪೌರಕಾರ್ಮಿಕ ಅಕ್ಕಂದಿರು ಅದೇ ರಸ್ತೆಯನ್ನು ಗುಡಿಸಿ ಮುಂದಿನ ಬೀದಿಗೆ ಹೋಗಿರುತ್ತಾರೆ. ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರ ಹೆಜ್ಜೆಗೆ ಯಾವ ಪದಕವೂ ಇಲ್ಲ. ಎಣಿಸಿದರೂ ಅದು ಬೇರೆ ರೀತಿ. ಚಂಡೀಗಢ, ಪಂಚಕುಲ, ನಾಗಪುರದಂಥ ನಗರಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ಇರುವ ವಾಚು ಕಟ್ಟಿಸಲಾಯಿತು. ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂದು ಕಚೇರಿಯಲ್ಲಿ ಕುಳಿತು ನೋಡುವುದಕ್ಕಾಗಿ. ಚಂಡೀಗಢದ ಕಾರ್ಮಿಕರು 2020ರಲ್ಲಿ ಅದನ್ನು ವಿರೋಧಿಸಿ ಬೀದಿಗಿಳಿದರು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ಲಕ್ಷಾಂತರ ಜನರೊಂದಿಗೆ ಧಮ್ಮ ದೀಕ್ಷೆ ಪಡೆದದ್ದು ಅದೇ ನಾಗಪುರದಲ್ಲಿ. ಮನುಷ್ಯ ತನ್ನ ಬದುಕಿಗೆ ತಾನೇ ಒಡೆಯನಾಗಬೇಕು ಎಂಬುದು ಆ ದೀಕ್ಷೆಯ ತಿರುಳು. ವಾಚು ಒಂದೇ, ಬೆಳಕು ಒಂದೇ. ಒಬ್ಬರ ಕೈಯಲ್ಲಿ ಅದು ಹುರುಪು, ಇನ್ನೊಬ್ಬರ ಕೈಯಲ್ಲಿ ಹೆದರಿಕೆ. ಕಮ್ಮದ ತೂಕ ಚೇತನಾದಲ್ಲಿದೆ, ಅಂದರೆ ಮಾಡುವವರ ಇಚ್ಛೆಯಲ್ಲಿದೆ ಎಂದು ಬುದ್ಧರು ಕಲಿಸಿದ್ದು ಇಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ನೋಡಿ. ಬೇರೆಯವರ ಕೈಗೆ ಹೀಗೆ ಕಾವಲು ಕಟ್ಟುವುದು ತಪ್ಪು ಎನ್ನುವ ನಾವು, ನಮ್ಮ ಮೇಲೆ ನಾವೇ ಅಂಥ ಮೇಸ್ತ್ರಿಯನ್ನು ಕೂರಿಸಿಕೊಳ್ಳುವುದೂ ಸರಿಯಲ್ಲ.

ಹಾಗಾದರೆ ಎಣಿಕೆಯೇ ಕೆಟ್ಟದ್ದೇ? ಇಲ್ಲ. ಎಣಿಕೆ ಧಮ್ಮದ ದಾರಿಯಲ್ಲೇ ಇದೆ. ಐದನೆಯ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿ ಕುಳಿತು ವಿಸುದ್ಧಿಮಗ್ಗ ಬರೆದ ಬುದ್ಧಘೋಷರು, ಆನಾಪಾನಸತಿಗೆ ಹೊಸದಾಗಿ ಕುಳಿತವರು ಉಸಿರನ್ನು ಎಣಿಸಲಿ ಎನ್ನುತ್ತಾರೆ. ಐದಕ್ಕಿಂತ ಮೊದಲು ನಿಲ್ಲಿಸಬಾರದು, ಹತ್ತನ್ನು ದಾಟಬಾರದು. ಮೊದಲು ಧಾನ್ಯ ಅಳೆಯುವವನಂತೆ ನಿಧಾನ ಎಣಿಸಬೇಕು. ನಮ್ಮ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಲಾಭ ಎಂದು ಕೂಗಿ ಸುರಿಯುತ್ತಾರಲ್ಲ, ಅಂಥ ನಿಧಾನ. ಆಮೇಲೆ, ದೊಡ್ಡಿಯ ಬಾಗಿಲಲ್ಲಿ ಕುಳಿತ ದನಗಾಹಿ ಹೊರಬರುವ ದನಗಳನ್ನು ಹರಳು ಹಾಕಿ ಎಣಿಸುವಂತೆ ಬೇಗ ಬೇಗ. ಸೆಳವಿನ ಹೊಳೆಯಲ್ಲಿ ದೋಣಿಯನ್ನು ನಿಲ್ಲಿಸಲು ಚುಕ್ಕಾಣಿಯ ಬಲ ಬೇಕಾಗುವಂತೆ, ಹರಿಯುವ ಮನಸ್ಸನ್ನು ನಿಲ್ಲಿಸಲು ಎಣಿಕೆ ಬೇಕು ಎನ್ನುತ್ತಾರೆ ಅವರು. ಎಲ್ಲಿಯವರೆಗೆ? ಎಣಿಸದೆಯೂ ಮನಸ್ಸು ಉಸಿರಿನಲ್ಲಿ ನಿಲ್ಲುವವರೆಗೆ. ಆಮೇಲೆ ಎಣಿಕೆಯನ್ನು ಬಿಟ್ಟು, ಸತಿಯಿಂದ ಉಸಿರನ್ನು ಹಿಂಬಾಲಿಸಬೇಕು.

ಅಕ್ಕನ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇದು. ಎಣಿಕೆ ದಾರಿಗೆ ಹಚ್ಚಲು ಬಂದದ್ದು. ನಡಿಗೆ ಇನ್ನೂ ರೂಢಿಯಾಗದವರು ವಾಚು ಕಟ್ಟಿಕೊಳ್ಳಲಿ. ಎದೆಬಡಿತದ ತೊಂದರೆಗೆ ಡಾಕ್ಟರೇ ಕಟ್ಟಿಕೊಳ್ಳಿ ಎಂದಿದ್ದರೆ ಖಂಡಿತ ಬಿಚ್ಚಬೇಡಿ. ಆದರೆ ಬೆಳಗಾದರೆ ಕಾಲು ತಾನಾಗಿಯೇ ಚಪ್ಪಲಿ ಹುಡುಕುವಂತಾದ ಮೇಲೆ, ಸಂಖ್ಯೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡುವುದನ್ನೂ ಕಲಿಯಬೇಕು. 2016ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇಲ್ಲಿ ಯೋಚಿಸುವಂತೆ ಮಾಡುತ್ತದೆ. ತೂಕ ಇಳಿಸಲು ಬಂದ ಸುಮಾರು 470 ಯುವಜನರನ್ನು ಎರಡು ವರ್ಷ ನೋಡಿದರು. ಎರಡೂ ಗುಂಪಿಗೆ ಊಟ, ವ್ಯಾಯಾಮದ ಸಲಹೆ ಒಂದೇ. ಆರು ತಿಂಗಳ ನಂತರ ಒಂದು ಗುಂಪಿಗೆ ಮೈಗೆ ಕಟ್ಟುವ ಸಾಧನ ಕೊಟ್ಟರು, ಇನ್ನೊಂದು ಗುಂಪು ತಾನೇ ಲೆಕ್ಕ ಬರೆದುಕೊಂಡಿತು. ಕೊನೆಗೆ ತಾವೇ ಬರೆದುಕೊಂಡವರು ಸರಾಸರಿ 5.9 ಕೆ.ಜಿ. ಇಳಿದಿದ್ದರು, ಸಾಧನ ಕಟ್ಟಿಕೊಂಡವರು 3.5 ಕೆ.ಜಿ. ಹೆಜ್ಜೆ ಹೆಚ್ಚಿಸಲು ವಾಚು ನೆರವಾಗಬಹುದು, ಆದರೆ ತನ್ನನ್ನು ತಾನು ಗಮನಿಸಿಕೊಳ್ಳುವ ಕೆಲಸವನ್ನು ಅದಕ್ಕೆ ಪೂರ್ತಿ ವಹಿಸಿಕೊಡಲಾಗದು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಕನ್ನಡದಲ್ಲಿ ಎಣಿಸು ಎಂದರೆ ಲೆಕ್ಕ ಮಾಡು ಎಂದೂ ಹೌದು, ಯೋಚಿಸು ಎಂದೂ ಹೌದು. ಮೊದಲನೆಯದನ್ನು ಯಂತ್ರ ಮಾಡುತ್ತದೆ. ಎರಡನೆಯದನ್ನು ನಾವೇ ಮಾಡಬೇಕು. ಪಸೇನದಿಗೂ ಸುದಸ್ಸನ ದಿನವೂ ನೆನಪು ಮಾಡಿದ, ಸರಿ. ಆದರೆ ತುತ್ತನ್ನು ಸಾಕು ಎಂದು ನಿಲ್ಲಿಸಿದ್ದು ರಾಜನೇ. ಮೈ ಹಗುರವಾದದ್ದನ್ನು ಅರಿತದ್ದು ಅವನದೇ ಕೈ.

*ಇಂದಿನ ಅಭ್ಯಾಸ*

ಏಳು ದಿನ ಹೀಗೆ ಮಾಡಿ ನೋಡೋಣ. ಬೆಳಿಗ್ಗೆ ಎಚ್ಚರವಾದ ಕೂಡಲೇ ವಾಚಿನ ಕಡೆ, ಮೊಬೈಲಿನ ಕಡೆ ಕೈ ಹೋಗದಿರಲಿ. ಮೂರು ಉಸಿರು ಗಮನಿಸಿ. ಅಂಗಾಲಿನಿಂದ ನೆತ್ತಿಯವರೆಗೆ ಮೈಯನ್ನು ಒಮ್ಮೆ ಕೇಳಿ: ಹಗುರವೋ, ಭಾರವೋ, ನೋವೋ? ಉತ್ತರವನ್ನು ಒಂದೇ ಮಾತಿನಲ್ಲಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಆಮೇಲೆ ಬೇಕಾದರೆ ಅಂಕ ನೋಡಿ. ಮೈ ಹಗುರ ಎಂದು, ವಾಚು 61 ಎಂದರೆ ಆ ದಿನಕ್ಕೆ ಮೈಯ ಮಾತನ್ನು ನಂಬಿ. ವಾಚು 90 ಎನ್ನುತ್ತಿದ್ದರೂ ನಾಲ್ಕು ದಿನ ಒಂದೇ ಸಮನೆ ಮೈ ಭಾರ ಎಂದರೆ ಆ ಕ್ಯಾಲೆಂಡರನ್ನೇ ಡಾಕ್ಟರಿಗೆ ತೋರಿಸಿ.

ನಡೆಯುವಾಗ ಮೊದಲ ಹದಿನೈದು ನಿಮಿಷ ವಾಚಿನ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿಕೊಳ್ಳಿ. ಕಾಲು ಏಳುವುದು, ಮುಂದೆ ಹೋಗುವುದು, ನೆಲ ಮುಟ್ಟುವುದು, ಇಷ್ಟನ್ನೇ ಗಮನಿಸಿ. ರಾತ್ರಿ ಊಟವಾದ ಮೇಲೆ ಬಾಕಿ ಹೆಜ್ಜೆಯ ಸಾಲ ತೀರಿಸಲು ಹೋಗಬೇಡಿ. ಇವತ್ತಿನದು ಇವತ್ತಿಗೆ ಮುಗಿಯಿತು.

ಈ ವಾರ ಗುಂಪಿಗೆ ಹೆಜ್ಜೆಯ ಚಿತ್ರ ಹಾಕುವುದು ಬೇಡ. ಅದರ ಬದಲು ನಿಮ್ಮ ಬೀದಿಯಲ್ಲಿ ಒಬ್ಬರೇ ನಡೆಯಲು ಅಂಜುವ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರ ವೇಗಕ್ಕೆ ನಿಮ್ಮ ಹೆಜ್ಜೆ ಹೊಂದಿಸಿ. ಆ ದಿನ ವಾಚಿನಲ್ಲಿ ಸಂಖ್ಯೆ ಕಡಿಮೆ ಬರುತ್ತದೆ, ಬರಲಿ.

ಎಲ್ಲರ ನಡಿಗೆ ಹಗುರವಾಗಲಿ, ಎಲ್ಲರಿಗೂ ನೆಮ್ಮದಿಯ ನಿದ್ದೆ ಬರಲಿ. ಎಲ್ಲ ಜೀವಿಗಳಿಗೂ ಮಂಗಳವಾಗಲಿ.

ನಮೋ ಬುದ್ಧಾಯ 🙏 ಜೈ ಭೀಮ್